ನರ್ಸಬಾಯಿ ಕೈಯಾಗಿನ ಟ್ಯಾಬು: ಬರೆಯುವವರು ಮುಂದಾಳಾಗುವುದು ಹೇಗೆ?

ಸುರಪುರ ತಾಲೂಕಿನ ಒಂದು ಉಪಕೇಂದ್ರ. ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡದ ಕೆಲಸ ಮಾಡುತ್ತಿದ್ದ ಒಬ್ಬ ಹೆಣ್ಣುಮಗಳು ಎಂಟು ತಿಂಗಳು ತುಂಬಿದ ಮೇಲೆ ಬಾಣಂತನಕ್ಕೆಂದು ತವರಿಗೆ ಬಂದಿದ್ದಳು. ತಾಯಿಯ ಜೊತೆ ಸೆಂಟರಿಗೆ ಬಂದಾಗ ಕೈಯಲ್ಲಿ ತಾಯಿ ಕಾರ್ಡ್ ಇಲ್ಲ. "ಶೆಡ್ಡಿನ್ಯಾಗ ಉಳೀತ್ರಿ ಬಾಯಿ, ಬರೋ ಗಡಿಬಿಡ್ಯಾಗ ಮರ್ತೆ" ಅಂದಳು.

ಇಂಥ ಹೊತ್ತಿನಲ್ಲಿ ಹೊಸ ಕಾರ್ಡ್ ಮಾಡಿಕೊಟ್ಟು ಕಳಿಸುವುದು ಸುಲಭ. ಆ ನರ್ಸ್ ಹಾಗೆ ಮಾಡಲಿಲ್ಲ. ಟ್ಯಾಬಿನಲ್ಲಿ ಹೆಸರು ಹುಡುಕಿದರು, ಸಿಗಲಿಲ್ಲ. ಗಂಡನ ಮೊಬೈಲ್ ನಂಬರ್ ಹಾಕಿದರು, ಸಿಗಲಿಲ್ಲ. "ಆಗ ಯಾರ ನಂಬರ್ ಬರೆಸಿದ್ದೆವ್ವಾ?" ಎಂದು ಮತ್ತೆ ಮತ್ತೆ ಕೇಳಿದಾಗ ಮೈದುನನ ನಂಬರ್ ಎಂದು ನೆನಪಾಯಿತು. ಅದನ್ನು ಹಾಕಿದ ಕೂಡಲೇ ಹೆಸರು ಬಂತು, ತಪಾಸಣೆ ಮಾಡಿದ ಬೆಂಗಳೂರಿನ ಆರೋಗ್ಯ ಕೇಂದ್ರದ ಹೆಸರೂ ಬಂತು. ಐದನೇ ತಿಂಗಳಲ್ಲಿ ಹಿಮೋಗ್ಲೋಬಿನ್ 8.4 ಗ್ರಾಂ. ಕಬ್ಬಿಣಾಂಶದ ಮಾತ್ರೆ ಕೊಟ್ಟಿದ್ದಾರೆ. ಏಳನೇ ತಿಂಗಳಿಗೆ 6.8. ಅಂದೇ ಆಕೆಯನ್ನು ರಕ್ತ ಕೊಡುವ ವ್ಯವಸ್ಥೆ ಇರುವ ಆಸ್ಪತ್ರೆಗೆ ಕಳಿಸಿದರು. ತಾಯಿ, ಮಗು ಇಬ್ಬರೂ ಉಳಿದರು.

ಸೆಂಟರಿನಲ್ಲೇ ರಕ್ತ ಪರೀಕ್ಷೆ ಮಾಡಿದ್ದರೂ ರಕ್ತ ಕಡಿಮೆ ಇರುವುದು ತಿಳಿಯುತ್ತಿತ್ತು, ನಿಜ. ಆದರೆ ಮಾತ್ರೆ ಕೊಟ್ಟ ಮೇಲೂ ಇಳಿಯುತ್ತಾ ಬಂದಿದೆ ಎನ್ನುವುದು ತಿಳಿಯುತ್ತಿರಲಿಲ್ಲ. ಏರುತ್ತಿರುವ 7ಕ್ಕೂ ಇಳಿಯುತ್ತಿರುವ 7ಕ್ಕೂ ಬಹಳ ಫರಕು ಇದೆ. ಮೊದಲನೆಯದಕ್ಕೆ ಒಂದಿಷ್ಟು ದಿನ ಕಾಯಬಹುದೇನೋ, ಎರಡನೆಯದಕ್ಕೆ ಕಾಯುವ ಹಾಗಿಲ್ಲ.

ಈ ಘಟನೆಯನ್ನು ನಾವು ಸಂಘಗಳ ಸಭೆಯಲ್ಲಿ ಹೇಳಿದಾಗ "ಟ್ಯಾಬು ಎಷ್ಟು ಚಲೋ ಮಾಡೇತಿ ನೋಡ್ರಿ" ಎಂದವರೇ ಹೆಚ್ಚು. ಟ್ಯಾಬಿನಷ್ಟಕ್ಕೆ ಟ್ಯಾಬು ಏನೂ ಮಾಡಲಿಲ್ಲ. ಅದು ಎರಡು ಸಲ 'ಇಲ್ಲ' ಎಂದಿತ್ತು. ಮೂರನೇ ಸಲ ಕೇಳಿದವರು ನರ್ಸ್. ಹೀಗೆ ಕೇಳಲು ನರ್ಸ್‌ಗಳಿಗೆ ಯಾರು ಕಲಿಸುತ್ತಾರೆ, ಕಲಿತವರು ಮುಂದೆ ಬೇರೆಯವರಿಗೆ ಕಲಿಸುವ ಹಂತಕ್ಕೆ ಹೇಗೆ ಬೆಳೆಯುತ್ತಾರೆ ಎಂಬ ಬಗ್ಗೆ ಈ ಸಲ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ. ನಮ್ಮ ಹಳ್ಳಿಗಳಿಂದ ನರ್ಸಿಂಗ್ ಓದಲು ಹೋಗುವ ಹೆಣ್ಣುಮಕ್ಕಳು, ಅವರ ತಂದೆತಾಯಂದಿರು, ಸ್ವಸಹಾಯ ಸಂಘದ ಪ್ರತಿನಿಧಿಗಳು ಓದಲಿ ಎಂಬ ಆಶೆ.

ಈ ವಿದ್ಯೆ ಯಾವುದು?

ಇಂಗ್ಲಿಷಿನಲ್ಲಿ ಇದಕ್ಕೆ ನರ್ಸಿಂಗ್ ಇನ್ಫರ್ಮ್ಯಾಟಿಕ್ಸ್ ಎನ್ನುತ್ತಾರೆ. ಕನ್ನಡದಲ್ಲಿ ಶುಶ್ರೂಷಾ ಮಾಹಿತಿ ವಿಜ್ಞಾನ ಎನ್ನಬಹುದು. ಹೆಸರು ಭಾರ ಅನ್ನಿಸಿದರೂ ವಿಷಯ ಸರಳ. ರೋಗಿಯ ಹತ್ತಿರ ನಿಂತು ನೋಡಿದ್ದನ್ನು ಸರಿಯಾಗಿ ಬರೆದಿಡುವುದು, ಬರೆದದ್ದನ್ನು ಒಂದರ ಪಕ್ಕ ಒಂದು ಇಟ್ಟು ಅರ್ಥ ಮಾಡಿಕೊಳ್ಳುವುದು, ಆ ಅರ್ಥದಿಂದ ಮುಂದಿನ ಆರೈಕೆ ಏನೆಂದು ತೀರ್ಮಾನಿಸುವುದು. 1989ರಲ್ಲಿ ಅಮೆರಿಕದ ಗ್ರೇವ್ಸ್ ಮತ್ತು ಕೊರ್ಕೊರನ್ ಎಂಬ ಇಬ್ಬರು ಇದನ್ನು ಮೂರು ಮೆಟ್ಟಿಲಾಗಿ ವಿವರಿಸಿದರು: ದತ್ತಾಂಶ, ಮಾಹಿತಿ, ಜ್ಞಾನ. ನಮ್ಮ ಉದಾಹರಣೆಯಲ್ಲೇ ಹೇಳುವುದಾದರೆ 6.8 ಎಂಬ ಅಂಕಿ ದತ್ತಾಂಶ. 8.4ರಿಂದ 6.8ಕ್ಕೆ ಇಳಿದಿದೆ ಎಂಬುದು ಮಾಹಿತಿ. ಮಾತ್ರೆಯಿಂದ ಏಳುತ್ತಿಲ್ಲ, ಹೆರಿಗೆಗೆ ದಿನ ಹತ್ತಿರ, ಈಕೆಯನ್ನು ಇಲ್ಲಿ ಇಟ್ಟುಕೊಳ್ಳಬಾರದು ಎಂಬುದು ಜ್ಞಾನ. 1992ರಲ್ಲಿ ಅಮೆರಿಕದ ನರ್ಸ್‌ಗಳ ಸಂಘವು ಇದನ್ನು ನರ್ಸಿಂಗ್‌ನ ಒಂದು ಪ್ರತ್ಯೇಕ ವಿಶೇಷ ಶಾಖೆ ಎಂದು ಒಪ್ಪಿಕೊಂಡಿತು.

ಆದರೆ ಕಂಪ್ಯೂಟರ್ ಬಂದ ಮೇಲೆ ಹುಟ್ಟಿದ ವಿದ್ಯೆ ಇದಲ್ಲ. ದೀಪ ಹಿಡಿದ ತಾಯಿ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ ಫ್ಲಾರೆನ್ಸ್ ನೈಟಿಂಗೇಲ್ ದೀಪದಷ್ಟೇ ಲೆಕ್ಕದ ಪುಸ್ತಕವನ್ನೂ ಹಿಡಿದಿದ್ದರು. ಕ್ರಿಮಿಯಾ ಯುದ್ಧದಲ್ಲಿ ಸೈನಿಕರು ಗಾಯದಿಂದ ಸತ್ತದ್ದಕ್ಕಿಂತ ಹೊಲಸು ನೀರು, ಗಾಳಿಯಿಲ್ಲದ ಕೋಣೆಗಳಿಂದ ಬಂದ ರೋಗಗಳಿಂದ ಸತ್ತದ್ದೇ ಹೆಚ್ಚು ಎನ್ನುವುದನ್ನು ಅವರು 1858ರಲ್ಲಿ ಬಣ್ಣದ ವೃತ್ತಚಿತ್ರ ಬರೆದು ಮಂತ್ರಿಗಳಿಗೆ ತೋರಿಸಿದರು. ಅದೇ ವರ್ಷ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘ ಅವರನ್ನು ಸದಸ್ಯೆಯಾಗಿ ಆರಿಸಿಕೊಂಡಿತು, ಆ ಸಂಘಕ್ಕೆ ಮೊದಲ ಮಹಿಳೆ ಅವರೇ. 1860ರಲ್ಲಿ ನರ್ಸ್‌ಗಳ ಶಾಲೆ ತೆರೆದರು. ಎಲ್ಲ ಆಸ್ಪತ್ರೆಗಳೂ ಒಂದೇ ಮಾದರಿಯ ಫಾರ್ಮಿನಲ್ಲಿ ಲೆಕ್ಕ ಇಡಬೇಕು ಎಂದು ವಾದಿಸಿದವರೂ ಅವರೇ. ನಮ್ಮ ನರ್ಸಿಂಗ್ ಕಾಲೇಜುಗಳಲ್ಲಿ ಪ್ರತಿವರ್ಷ ದೀಪ ಬೆಳಗಿಸಿ ಪ್ರತಿಜ್ಞೆ ಮಾಡಿಸುತ್ತಾರೆ. ಆ ವೃತ್ತಚಿತ್ರವನ್ನೂ ಒಮ್ಮೆ ಗೋಡೆಗೆ ಹಾಕಿ ತೋರಿಸಿದರೆ ಚೆನ್ನಾಗಿತ್ತು ಎಂದು ನಮಗೆ ಅನ್ನಿಸುತ್ತದೆ.

ನಮ್ಮ ಕಥೋಲಿಕ ಧರ್ಮಸಭೆಯ ಆರೋಗ್ಯ ಸೇವೆಗೂ ಈ ಮಾತು ಹೊರತಲ್ಲ. ಆಸ್ಟ್ರೇಲಿಯಾದಿಂದ ಗುಂಟೂರಿಗೆ ಬಂದ ವೈದ್ಯ ಭಗಿನಿ ಮೇರಿ ಗ್ಲೋರಿ 1943ರಲ್ಲಿ ಕಥೋಲಿಕ ಆಸ್ಪತ್ರೆಗಳ ಸಂಘ ಕಟ್ಟಿದರು. ಒಂದೊಂದು ಊರಲ್ಲಿ ಒಂಟಿಯಾಗಿ ದುಡಿಯುತ್ತಿದ್ದ ಭಗಿನಿಯರು ಒಬ್ಬರ ಅನುಭವ ಇನ್ನೊಬ್ಬರಿಗೆ ದಾಟಿಸಲು ಅದರಿಂದ ಒಂದು ದಾರಿಯಾಯಿತು. 1963ರಲ್ಲಿ ಬೆಂಗಳೂರಿನಲ್ಲಿ ಸಂತ ಜಾನರ ವೈದ್ಯಕೀಯ ಕಾಲೇಜು ಶುರುವಾಯಿತು. ಹಳ್ಳಿಯ ದವಾಖಾನಿಯಲ್ಲಿ ಭಗಿನಿಯೊಬ್ಬರು ರೂಲು ಎಳೆದ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದ ಹೆಸರು, ವಯಸ್ಸು, ಜ್ವರ, ಕೊಟ್ಟ ಔಷಧ, ಇದೂ ಅದೇ ವಿದ್ಯೆ.

ರಿಜಿಸ್ಟರಿನ ಮೇಲೆ ಟ್ಯಾಬು

ನಮ್ಮ ಕಡೆ ನರ್ಸ್‌ಗಳ ಕೈಗೆ ಕಂಪ್ಯೂಟರ್ ಬಂದದ್ದು ಹಂತಹಂತವಾಗಿ. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾಗಿ ಊರೂರಿಗೆ ಆಶಾ ಕಾರ್ಯಕರ್ತೆಯರು ಬಂದರು. 2008ರಲ್ಲಿ ಆರೋಗ್ಯ ಕೇಂದ್ರಗಳ ತಿಂಗಳ ಲೆಕ್ಕವನ್ನು ಇಂಟರ್‌ನೆಟ್ಟಿಗೆ ಹಾಕುವ ವ್ಯವಸ್ಥೆ ಬಂತು. ಅದರಲ್ಲಿ ಎಷ್ಟು ಹೆರಿಗೆ, ಎಷ್ಟು ಲಸಿಕೆ ಎಂಬ ಒಟ್ಟು ಸಂಖ್ಯೆ ಮಾತ್ರ. 2009ರ ನಂತರ ಪ್ರತಿ ತಾಯಿಯನ್ನೂ ಪ್ರತಿ ಮಗುವನ್ನೂ ಹೆಸರು ಹಿಡಿದು ಗುರುತಿಸುವ ಪದ್ಧತಿ ಬಂತು. ಈಗ ಅದರ ಜಾಗದಲ್ಲಿ ಆರ್.ಸಿ.ಎಚ್. ಪೋರ್ಟಲ್ ಇದೆ. ಎ.ಎನ್.ಎಂ.ಗಳು ಮನೆಬಾಗಿಲಲ್ಲೇ ಕೂತು ವಿವರ ತುಂಬುವ ಅನ್ಮೋಲ್ ಎಂಬ ಟ್ಯಾಬಿನ ಆ್ಯಪು 2016ರಲ್ಲಿ ಆಂಧ್ರದಲ್ಲಿ ಮೊದಲು ಶುರುವಾಯಿತು. ನೆಟ್‌ವರ್ಕ್ ಇಲ್ಲದ ಕಡೆಯೂ ತುಂಬಿಟ್ಟು, ಸಿಗ್ನಲ್ ಸಿಕ್ಕಾಗ ಕಳಿಸಬಹುದು. ಕೃಷ್ಣೆಯ ದಂಡೆಯ ಊರುಗಳಿಗೆ, ದೊಡ್ಡಿ ತಾಂಡಾಗಳಿಗೆ ನಡೆಯುವವರಿಗೆ ಇದು ದೊಡ್ಡ ಅನುಕೂಲ. ಮುಂದೆ 2021ರಲ್ಲಿ ಕೋವಿಡ್ ಲಸಿಕೆಯ ಕೋವಿನ್ ಬಂತು, ಅದೇ ವರ್ಷ 14 ಅಂಕಿಯ ಆಭಾ ಆರೋಗ್ಯ ಸಂಖ್ಯೆ ದೇಶಕ್ಕೆಲ್ಲ ಬಂತು. ಬಿ.ಪಿ., ಸಕ್ಕರೆ ಕಾಯಿಲೆಗೆ ಒಂದು, ಕ್ಷಯಕ್ಕೆ ಒಂದು, ಮಕ್ಕಳ ಲಸಿಕೆಗೆ ಒಂದು ಹೀಗೆ ಬೇರೆ ಬೇರೆ ಆ್ಯಪುಗಳು ಬಂದವು.

ಹೊಸದು ಬಂತು, ಹಳೆಯದು ಹೋಗಲಿಲ್ಲ. ರಿಜಿಸ್ಟರಿಗೂ ಬರೆಯಬೇಕು, ಟ್ಯಾಬಿಗೂ ಹಾಕಬೇಕು. "ಹಗಲೆಲ್ಲ ಊರು ತಿರಗದು, ರಾತ್ರಿ ಊಟ ಆದಮ್ಯಾಲೆ ಟ್ಯಾಬು ಹಿಡಕೊಂಡು ಕುಂದ್ರದು, ಇದೇ ಆಗೇತ್ರಿ" ಎಂದು ಹೇಳುವ ಎ.ಎನ್.ಎಂ.ಗಳು ಒಬ್ಬಿಬ್ಬರಲ್ಲ. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತಾಗ, ಪೋರ್ಟಲ್‌ನ ತೊಂದರೆಯಿಂದ ದುಡಿದ ಕೆಲಸಕ್ಕೆ ದುಡ್ಡು ಕೈಸೇರುತ್ತಿಲ್ಲ ಎಂಬುದೂ ಅವರ ಅಹವಾಲುಗಳಲ್ಲಿ ಒಂದಾಗಿತ್ತು. ಯಂತ್ರದ ಬಗ್ಗೆ ಬರೇ ಹೊಗಳಿಕೆ ಬರೆಯುವವರು ಇದನ್ನೂ ಬರೆಯಬೇಕು.

ಹೆಸರಿನ ತೊಂದರೆಯಂತೂ ನಮ್ಮ ಕಡೆ ವಿಪರೀತ. ಒಂದೇ ಊರಲ್ಲಿ ಐದಾರು ಯಲ್ಲಮ್ಮ, ನಾಲ್ಕಾರು ದೇವಮ್ಮ, ಅವರ ಗಂಡಂದಿರಲ್ಲಿ ಇಬ್ಬರು ಹಣಮಂತ. ಹೆಸರನ್ನು ಇಂಗ್ಲಿಷಿನಲ್ಲಿ ಹಾಕುವಾಗ ಒಬ್ಬರು 'ವೈ' ಅಕ್ಷರದ ಮುಂದೆ 'ಎ' ಹಾಕುತ್ತಾರೆ, ಇನ್ನೊಬ್ಬರು 'ಇ' ಹಾಕುತ್ತಾರೆ. ಯಂತ್ರಕ್ಕೆ ಅವರು ಇಬ್ಬರು ಬೇರೆ ಯಲ್ಲಮ್ಮ. ತವರಿನಲ್ಲಿ ಒಂದು ದಾಖಲೆ, ಗಂಡನ ಮನೆಯಲ್ಲಿ ಇನ್ನೊಂದು, ಗುಳೆ ಹೋದಲ್ಲಿ ಮತ್ತೊಂದು. ಕಾಗದದ ಮೇಲೆ ಮೂವರು ಗರ್ಭಿಣಿಯರು, ಮೂವರದ್ದೂ ಅರ್ಧಂಬರ್ಧ ತಪಾಸಣೆ. ನಿಜಕ್ಕೂ ಇರುವವಳು ಒಬ್ಬಳೇ, ಆಕೆಗೆ ಯಾರೂ ಪೂರ್ತಿ ಜವಾಬ್ದಾರರಲ್ಲ. ಇದನ್ನು ಬಿಡಿಸಬಲ್ಲವರು ದೂರದ ಊರಿನ ಸಾಫ್ಟ್‌ವೇರ್ ಎಂಜಿನಿಯರ್ ಅಲ್ಲ. ಯಲ್ಲಮ್ಮನ ಮನೆ ಯಾವ ಓಣಿಯಲ್ಲಿದೆ, ಆಕೆಯ ತವರು ಯಾವುದು ಎಂದು ಬಲ್ಲ ನರ್ಸ್.

ಕಾಲೇಜಿನಲ್ಲಿ ಕಲಿಸುವುದೇನು?

ಭಾರತೀಯ ಶುಶ್ರೂಷಾ ಪರಿಷತ್ತು 2021ರಲ್ಲಿ ಪ್ರಕಟಿಸಿದ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮದಲ್ಲಿ ಈ ವಿಷಯಕ್ಕೆ ಪ್ರತ್ಯೇಕ ಜಾಗ ಸಿಕ್ಕಿತು. ಎರಡನೇ ಸೆಮಿಸ್ಟರಿನಲ್ಲಿ 40 ಗಂಟೆ ಪಾಠ, 40 ಗಂಟೆ ಪ್ರಯೋಗಾಲಯ. ಇದು ಒಳ್ಳೆಯ ಹೆಜ್ಜೆ. ಆದರೆ ಕಲಿಸುವವರು ಯಾರು? ಇಂದು ಪಾಠ ಮಾಡುವ ಹೆಚ್ಚಿನ ಉಪನ್ಯಾಸಕರು ತಾವು ಓದುವಾಗ ಈ ವಿಷಯವೇ ಇರಲಿಲ್ಲ. ಹಾಗಾಗಿ ಎಷ್ಟೋ ಕಡೆ ಹೊರಗಿನ ಕಂಪ್ಯೂಟರ್ ಮೇಷ್ಟ್ರು ಬಂದು ಮೌಸ್ ಎಂದರೇನು, ಫೋಲ್ಡರ್ ಎಂದರೇನು ಎಂದು ಹೇಳಿ ಹೋಗುತ್ತಾರೆ. ಟೈಪು ಮಾಡುವುದು ಬರುತ್ತದೆ, ರೋಗಿ ಎಲ್ಲಿಯೂ ಬರುವುದಿಲ್ಲ. ಇನ್ನೊಂದು ಕಡೆ, ಮೂವತ್ತು ವರ್ಷ ವಾರ್ಡಿನಲ್ಲಿ ದುಡಿದ ಬೋಧಕಿಗೆ ರೋಗಿ ಗೊತ್ತು, ಸ್ಕ್ರೀನಿನ ಮುಂದೆ ಕೈ ನಡುಗುತ್ತದೆ. ವಿದ್ಯಾರ್ಥಿನಿಯರ ಎದುರು 'ನನಗೆ ಬರೋದಿಲ್ಲ' ಎನ್ನಲು ಸಂಕೋಚ.

ಮುಂದಾಳುತನದ ಮಾತು ಶುರುವಾಗುವುದೇ ಇಲ್ಲಿ ಎಂದು ನಮ್ಮ ಅಭಿಪ್ರಾಯ. ನಮ್ಮಲ್ಲಿ ಮುಂದಾಳು ಎಂದರೆ ಮೈಕ್ ಹಿಡಿದವರು, ಕುರ್ಚಿಯಲ್ಲಿ ಕೂತವರು ಎಂದೇ ರೂಢಿ. ನರ್ಸಿಂಗ್‌ನಲ್ಲಿಯೂ ಮೇಟ್ರನ್, ಪ್ರಿನ್ಸಿಪಾಲ್ ಎಂಬ ಹುದ್ದೆಗಳನ್ನೇ ನೋಡುತ್ತೇವೆ. ಈ ವಿದ್ಯೆಯಲ್ಲಿ ಮುಂದಾಳುತನ ಬೇರೆ ಥರ ಬೆಳೆಯುತ್ತದೆ. ಮೊದಮೊದಲು ಹೇಳಿದ್ದನ್ನು ತುಂಬುತ್ತಾಳೆ. ಸ್ವಲ್ಪ ದಿನಕ್ಕೆ ತಾನು ತುಂಬಿದ್ದರಲ್ಲಿ ತಪ್ಪು ಕಾಣಲು ಶುರುವಾಗುತ್ತದೆ: ಹುಟ್ಟಿದ ಮಗುವಿನ ತೂಕ ಎಲ್ಲರದೂ 2.5 ಕಿಲೋ ಎಂದೇ ಯಾಕೆ ಬಂದಿದೆ? ಎರಡೂವರೆಗಿಂತ ಕಡಿಮೆ ಇದ್ದರೆ ತೂಕ ಕಡಿಮೆಯ ಮಗು ಎಂದು ಬೇರೆ ಬರೆಯಬೇಕು, ಹೆಚ್ಚು ಸಲ ಮನೆಗೆ ಹೋಗಬೇಕು, ಅದಕ್ಕೇ ಯಾರೋ ಕೈ ಜಾರಿಸಿರಬಹುದೇ? ಈ ಪ್ರಶ್ನೆ ಮನಸ್ಸಿಗೆ ಬಂದ ದಿನ ಅವಳು ಟೈಪಿಸ್ಟ್ ಆಗಿ ಉಳಿಯುವುದಿಲ್ಲ. ಅದನ್ನು ಮೇಲಿನವರ ಸಭೆಯಲ್ಲಿ ಬಾಯಿಬಿಟ್ಟು ಕೇಳಲು ಇನ್ನಷ್ಟು ಕಾಲ ಹಿಡಿಯುತ್ತದೆ, ಧೈರ್ಯವೂ ಬೇಕು. ಪಕ್ಕದ ಸೆಂಟರಿನವಳಿಗೆ ಅದನ್ನೇ ಕಲಿಸಲು ತಾಳ್ಮೆ ಬೇಕು. ಕೊನೆಗೊಂದು ದಿನ 'ಈ ಫಾರ್ಮಿನಲ್ಲಿ ಗುಳೆ ಹೋಗುವ ಊರು ಬರೆಯಲು ಜಾಗ ಇಲ್ಲ, ಒಂದು ಖಾನೆ ಮಾಡಿ' ಎಂದು ಫಾರ್ಮು ಮಾಡುವವರಿಗೇ ಹೇಳಿ ಒಪ್ಪಿಸಬೇಕು. ಇಷ್ಟು ದೂರ ಬಂದವರು ನಮ್ಮಲ್ಲಿ ಇನ್ನೂ ಕಡಿಮೆ. 80 ಗಂಟೆಯ ಪಾಠದಿಂದ ಇದೆಲ್ಲ ಆಗದು. ಆದರೆ ಆ 80 ಗಂಟೆಯಲ್ಲಿ ಪ್ರಶ್ನೆ ಕೇಳುವ ರೂಢಿಯನ್ನಾದರೂ ಹಾಕಬಹುದು.

ನಮ್ಮ ತಾಲೂಕಿನ ಹುಡುಗಿಯರ ಪಾಡು ನೆನೆದರೆ ಇದು ಎಷ್ಟು ಕಷ್ಟದ ದಾರಿ ಎಂದು ತಿಳಿಯುತ್ತದೆ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಸುಮಾರು 52 ಶೇಕಡಾ, ರಾಜ್ಯದಲ್ಲೇ ಕೊನೆಯ ಸ್ಥಾನ. ಹೆಣ್ಣುಮಕ್ಕಳಲ್ಲಿ ಸುಮಾರು 41 ಮಾತ್ರ. ಅವ್ವ ಹೆಬ್ಬೆಟ್ಟು, ಮಗಳು ಬಿ.ಎಸ್ಸಿ. ನರ್ಸಿಂಗ್. ಸಂವಿಧಾನದ 371(ಜೆ) ವಿಧಿಯಿಂದ ನಮ್ಮ ಭಾಗದ ಮಕ್ಕಳಿಗೆ ಸೀಟು, ನೌಕರಿಯಲ್ಲಿ ಮೀಸಲಾತಿ ಸಿಕ್ಕಿದ್ದರಿಂದ ಎಷ್ಟೋ ಮನೆಗಳ ಮೊದಲ ಓದು ಇದು. ಹತ್ತನೇವರೆಗೆ ಕನ್ನಡದಲ್ಲಿ ಓದಿ ಬಂದವಳಿಗೆ ಪುಸ್ತಕವೂ ಇಂಗ್ಲಿಷ್, ಸ್ಕ್ರೀನೂ ಇಂಗ್ಲಿಷ್. ತಿಳಿಯದಿದ್ದರೂ ತಿಳಿದಂತೆ ತಲೆಯಾಡಿಸಿ ಬರುವುದು ಅಭ್ಯಾಸವಾಗಿಬಿಡುತ್ತದೆ. ತಲೆಯಾಡಿಸುವುದನ್ನು ಕಲಿತವಳು ಅಂಕಿ ತಪ್ಪಿದೆ ಎಂದು ಹೇಳುವುದು ಯಾವಾಗ? ಆದ್ದರಿಂದ ಈ ಪಾಠವನ್ನು ಕನ್ನಡದಲ್ಲಿ ವಿವರಿಸಿ, ತಾಯಿ ಕಾರ್ಡನ್ನೇ ಪಠ್ಯಪುಸ್ತಕ ಮಾಡಿಕೊಂಡು ಕಲಿಸಬೇಕು ಎಂದು ನಾವು ಬೋಧಕರನ್ನು ಕೇಳಿಕೊಳ್ಳುತ್ತೇವೆ.

ಅಕ್ಕ, ತಂಗಿ, ಟ್ಯಾಬು

2018ರಿಂದ ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿಗಳು ಬರತೊಡಗಿದರು. ಬಹಳಷ್ಟು ಜನ ಬಿ.ಎಸ್ಸಿ. ನರ್ಸಿಂಗ್ ಓದಿದ ಚಿಕ್ಕ ವಯಸ್ಸಿನವರು. ಅದೇ ಸೆಂಟರಿನಲ್ಲಿ ಇಪ್ಪತ್ತು ವರ್ಷದಿಂದ ಹೆರಿಗೆ ಮಾಡಿಸಿದ ಹಿರಿಯ ಎ.ಎನ್.ಎಂ. ಇರುತ್ತಾರೆ. ಒಬ್ಬರಿಗೆ ಟ್ಯಾಬು ಗೊತ್ತು, ಮನೆಗಳು ಗೊತ್ತಿಲ್ಲ. ಇನ್ನೊಬ್ಬರಿಗೆ ಪ್ರತಿ ಮನೆಯೂ ಗೊತ್ತು, ಟ್ಯಾಬು ಅಂದರೆ ಅಂಜಿಕೆ. ಮೊದಲು ಒಂದಿಷ್ಟು ಜಟಾಪಟಿ ಆಗುವುದು ಸಹಜ. "ನಿನ್ನೆ ಮೊನ್ನೆ ಬಂದಾಕಿ ನನಗ ಕಲಸ್ತಾಳ" ಎಂಬ ಮುನಿಸು ಒಂದು ಕಡೆ, "ಅಕ್ಕಾರು ಎಲ್ಲಾ ನನ್ನ ತಲಿಗೇ ಕಟ್ತಾರ" ಎಂಬ ಗೊಣಗಾಟ ಇನ್ನೊಂದು ಕಡೆ.

ಎಲ್ಲಿ ಇಬ್ಬರೂ ಸಂಜೆ ಅರ್ಧ ಗಂಟೆ ಕೂಡಿ ಕೂರುತ್ತಾರೋ ಅಲ್ಲಿ ದಾಖಲೆ ಸುಧಾರಿಸಿದ್ದನ್ನು ನಾವು ಕಂಡಿದ್ದೇವೆ. ಅಕ್ಕ ಹೇಳುತ್ತಾ ಹೋಗುತ್ತಾರೆ: "ಈಕಿ ಶಹಾಪುರಕ್ಕ ತವರಿಗೆ ಹೋಗ್ಯಾಳ, ಈಕಿಗೆ ಹ್ವಾದ ಸಲ ಕೂಸು ಹೋಗಿತ್ತು, ಈಕಿ ಗಂಡ ಪುಣೆದಾಗ ಅದಾನ." ತಂಗಿ ಹುಡುಕಿ ತಿದ್ದುತ್ತಾಳೆ. ಹೋದ ಸಲ ಮಗು ಹೋಗಿತ್ತು ಎಂಬ ಒಂದು ಮಾತಿನಿಂದ ಆ ಗರ್ಭಿಣಿ ಅಪಾಯದ ಪಟ್ಟಿಗೆ ಸೇರುತ್ತಾಳೆ. ಇಲ್ಲಿ ಗುರು ಯಾರು, ಶಿಷ್ಯೆ ಯಾರು? ಕಲಿಸುವುದು ಹೀಗೆ ಎರಡೂ ಕಡೆ ಹರಿದರೆ ಮುಂದಾಳುತನಕ್ಕೆ ಬೇರೆ ಶಿಬಿರ ಬೇಕಿಲ್ಲ. ಶಿಬಿರಗಳಲ್ಲಿ ಬ್ಯಾಗು, ಊಟ, ಪ್ರಮಾಣಪತ್ರ ಸಿಗುತ್ತದೆ. ಕಲಿತದ್ದು ಈ ಸಂಜೆಯ ಅರ್ಧ ಗಂಟೆಯಲ್ಲೇ ಹೆಚ್ಚು ಎಂದು ಹೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಬಾರದು.

ಎಣಿಕೆಯಲ್ಲಿ ತಪ್ಪಿದ ಒಂದು

2018ರಲ್ಲಿ ಕೇಂದ್ರ ಸರ್ಕಾರ ಯಾದಗಿರಿಯನ್ನು ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಗೆ ಸೇರಿಸಿತು. ರಾಜ್ಯದಿಂದ ರಾಯಚೂರು ಮತ್ತು ಯಾದಗಿರಿ ಎರಡೇ. ಆರೋಗ್ಯ, ಶಿಕ್ಷಣ ಮುಂತಾದವುಗಳ ಅಂಕಿಗಳ ಮೇಲೆ ಜಿಲ್ಲೆಗಳಿಗೆ ರ‍್ಯಾಂಕು ಬರುತ್ತದೆ. ನಮ್ಮ ಜಿಲ್ಲೆಯ ಕಡೆ ಕಣ್ಣು ಬಿತ್ತಲ್ಲ ಎಂಬುದು ಸಂತೋಷ. ಆದರೆ ಅಂಕಿಗೆ ರ‍್ಯಾಂಕು ಕಟ್ಟಿದ ಮೇಲೆ ಅಂಕಿಯನ್ನು ಚಂದ ಮಾಡುವ ಆಸೆಯೂ ಹುಟ್ಟುತ್ತದೆ. ಇದು ನಮ್ಮ ಜಿಲ್ಲೆಗಷ್ಟೇ ಅಲ್ಲ, ಎಲ್ಲ ಕಡೆಯೂ ಇರುವ ಅಪಾಯ. ಶೇಕಡಾ 99 ಆಯಿತು ಎಂದರೆ ಚಪ್ಪಾಳೆ ಬೀಳುತ್ತದೆ.

ಯೇಸುಸ್ವಾಮಿ ಹೇಳಿದ ನೂರು ಕುರಿಗಳ ಸಾಮತಿ ನಮಗೆಲ್ಲ ಗೊತ್ತು. ಒಂದು ಕುರಿ ತಪ್ಪಿಸಿಕೊಂಡಾಗ ಕುರುಬ ತೊಂಬತ್ತೊಂಬತ್ತನ್ನು ಬಿಟ್ಟು ಹುಡುಕಲು ಹೋದದ್ದನ್ನು ನಾವು ಕರುಣೆಯ ಮಾತಾಗಿ ಕೇಳುತ್ತೇವೆ. ಅದರಲ್ಲಿ ಲೆಕ್ಕದ ಮಾತೂ ಇದೆ. ಒಂದು ತಪ್ಪಿದೆ ಎಂದು ತಿಳಿಯಬೇಕಾದರೆ ಆ ಕುರುಬ ಸಂಜೆ ಎಣಿಸಿರಬೇಕು, ಸುಮ್ಮನೆ 'ನೂರು' ಎಂದು ಬರೆದಿಟ್ಟಿರಬಾರದು. ನಮ್ಮ ಕಡೆ ಕುರಿ ಕಾಯುವವರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ನಾಲ್ಕು ತಪಾಸಣೆಯಲ್ಲಿ ಎರಡೇ ಆಗಿದ್ದರೆ ಎರಡು ಎಂದೇ ಬರೆಯುವ ನರ್ಸ್ ಆ ತಿಂಗಳ ಸಭೆಯಲ್ಲಿ ಬೈಸಿಕೊಳ್ಳಬಹುದು. ಆದರೆ ತಪ್ಪಿಹೋದ ತಾಯಿಯನ್ನು ಹುಡುಕಲು ದಾರಿ ಉಳಿಯುವುದು ಅವಳು ಬರೆದ ಆ 'ಎರಡು' ಎಂಬ ಅಂಕಿಯಿಂದಲೇ. ಅಂಥವಳನ್ನು ಬೈಯದೆ ಕೂರಿಸಿ ಕೇಳುವ ಮೇಲಧಿಕಾರಿಗಳೂ ಬೇಕು.

ಗುಟ್ಟಿನ ವಿಷಯವನ್ನೂ ಹೇಳಬೇಕು. ರಿಜಿಸ್ಟರ್ ಒಂದು ಕಪಾಟಿನಲ್ಲಿ ಇರುತ್ತಿತ್ತು. ಮೊಬೈಲಿನಲ್ಲಿ ತೆಗೆದ ಪಟ್ಟಿಯ ಫೋಟೋ ಕ್ಷಣದಲ್ಲಿ ಹತ್ತು ವಾಟ್ಸಾಪ್ ಗುಂಪುಗಳಿಗೆ ಹೋಗುತ್ತದೆ. ಯಾರಿಗೆ ಯಾವ ಕಾಯಿಲೆ, ಯಾವ ಹುಡುಗಿಗೆ ಯಾವ ಪರೀಕ್ಷೆ ಆಯಿತು ಎಂಬುದು ಊರ ಕಟ್ಟೆಯ ಮಾತಾದರೆ ಆ ಮನೆಯವರು ಮತ್ತೆ ದವಾಖಾನಿ ಮೆಟ್ಟಿಲು ಹತ್ತುವುದಿಲ್ಲ. ವೈಯಕ್ತಿಕ ಮಾಹಿತಿ ಕಾಪಾಡಲು 2023ರಲ್ಲಿ ಕಾಯ್ದೆ ಬಂದಿದೆ. ವಿದ್ಯಾರ್ಥಿನಿಯರಿಗೆ ಮೊದಲ ದಿನವೇ ಇದನ್ನು ಕಲಿಸಬೇಕು.

ನಾವೂ ನೀವೂ ಮಾಡಬಹುದಾದದ್ದು ಇದೆ. ಸುಗ್ಗಿ ಮುಗಿದ ಮೇಲೆ ಕಾಲುವೆ ನೀರು ಮುಟ್ಟದ ಊರುಗಳಿಂದ ಬೆಂಗಳೂರು, ಪುಣೆ, ಮುಂಬೈ, ಗೋವಾ ಕಡೆ ಬಸ್ಸು ಹತ್ತುವವರು ಬಹಳ. ಹೊರಡುವ ಮೊದಲು ಸಂಘದ ಸಭೆಯಲ್ಲಿ ಯಾರ ಮನೆಯಲ್ಲಿ ಗರ್ಭಿಣಿ, ಎಳೆಕೂಸು ಇದೆ ಎಂದು ಕೇಳಿರಿ. ತಾಯಿ ಕಾರ್ಡಿನ ಎಲ್ಲ ಪುಟಗಳ ಫೋಟೋ ತೆಗೆದು ಗಂಡನ ಮೊಬೈಲಿನಲ್ಲೂ ತವರಿನವರ ಮೊಬೈಲಿನಲ್ಲೂ ಇಡಿಸಿರಿ. ಕಾರ್ಡಿನ ಮೇಲಿನ ಆರ್.ಸಿ.ಎಚ್. ನಂಬರನ್ನು ಬೇರೆ ಚೀಟಿಯಲ್ಲಿ ಬರೆಸಿರಿ. ಬರೆಸಿದ ಮೊಬೈಲ್ ನಂಬರ್ ಬದಲಾಗಿದ್ದರೆ ನರ್ಸ್ ಹತ್ತಿರ ತಿದ್ದಿಸಿರಿ. ನಂಬರ್ ಬಂದ್ ಆಗಿ ಹುಡುಕಲು ಸಿಗದ ತಾಯಂದಿರೇ ಜಾಸ್ತಿ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವೈದ್ಯರ ಉಚಿತ ತಪಾಸಣೆ ಇರುತ್ತದೆ, ಹೊರಡುವ ತಿಂಗಳು ಅದನ್ನು ಮುಗಿಸಿಯೇ ಹೋಗಲಿ. ತಪಾಸಣೆ ಆದ ಮೇಲೆ "ಏನು ಬರ್ದ್ರಿ ಬಾಯಾರ, ಒಂದೀಟು ಓದಿ ಹೇಳ್ರಿ" ಎಂದು ಕೇಳಲು ನಾಚಬೇಡಿ. ನರ್ಸಿಂಗ್ ಓದುತ್ತಿರುವ ನಮ್ಮೂರ ಹುಡುಗಿಯರು ರಜೆಗೆ ಬಂದಾಗ ಅವರನ್ನು ಸಂಘದ ಸಭೆಗೆ ಕರೆದು, ಒಂದು ಕಾರ್ಡು ಕೈಗೆ ಕೊಟ್ಟು, ಎಲ್ಲರಿಗೂ ತಿಳಿಯುವಂತೆ ಓದಿಸಿರಿ. ಬರುವ ತಿಂಗಳಿನ ಸಂಘದ ಸಭೆಗಳಲ್ಲಿ ಇದನ್ನೇ ಮೊದಲು ಎತ್ತಿಕೊಳ್ಳುತ್ತೇವೆ. ಬರುವಾಗ ನಿಮ್ಮ ಮನೆಯ ಕಾರ್ಡು ತಪ್ಪದೆ ತನ್ನಿರಿ.